‘ಈಗ ಬಂದೆಯಾ?’ ಎಂಬುದನ್ನು ಎಷ್ಟು ಬಗೆಯಲ್ಲಿ ಕೇಳಬಹುದು: ಭರತನಾಟ್ಯದ ಅಭಿನಯವನ್ನು ಓದುವ ಕ್ರಮ

ದಾವಣಗೆರೆಯಲ್ಲಿ ನಡೆದ ಒಂದು ರಂಗಪ್ರವೇಶದಲ್ಲಿ, ಅಂದರೆ ಹುಡುಗಿಯೊಬ್ಬಳ ಮೊದಲ ಪೂರ್ಣ ನೃತ್ಯ ಕಾರ್ಯಕ್ರಮದಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತಿದ್ದ ಅಜ್ಜಿಯೊಬ್ಬರು ಮೊದಲ ಒಂದು ಗಂಟೆ ಯಾರನ್ನೂ ಏನನ್ನೂ ಕೇಳದೆ ತಲೆದೂಗುತ್ತ ನೋಡಿದರು. ಜತಿಗಳು ಬಿದ್ದಾಗ ಅವರ ಬೆರಳು ಸೀರೆಯ ಸೆರಗಿನ ಮೇಲೆ ತಾನಾಗಿಯೇ ತಾಳ ಹಾಕುತ್ತಿತ್ತು. ಜಾವಳಿ ಎಂಬ ಸಣ್ಣ ಪ್ರೇಮದ ಹಾಡು ಶುರುವಾಗಿ, ಹುಡುಗಿ ಒಂದೇ ಕಡೆ ನಿಂತು ಕೈ ಮತ್ತು ಕಣ್ಣುಗಳಲ್ಲಷ್ಟೇ ಮಾತನಾಡತೊಡಗಿದಾಗ ಮಾತ್ರ ನನ್ನತ್ತ ಬಾಗಿ, “ಆ ಹುಡುಗಿ ಕೈಯಾಗ ಏನ್ ಹೇಳಾಕತ್ತೈತವ್ವಾ?” ಎಂದು ಕೇಳಿದರು. ಸಭೆಯ ಮಧ್ಯೆ ಪಿಸುಮಾತಿನಲ್ಲಿ ಹೇಳಿ ಮುಗಿಸುವ ಉತ್ತರ ಅದಲ್ಲ. ಆದರೆ ಭರತನಾಟ್ಯದ ಬಗ್ಗೆ ಕೇಳಬೇಕಾದ ಸರಿಯಾದ ಪ್ರಶ್ನೆ ಅದೇ ಎಂದು ನನಗೆ ಅನ್ನಿಸಿತು. ಈ ನೃತ್ಯದಲ್ಲಿ ಕಾಲಿನ ಕೆಲಸ ಹೇಳಿಕೊಡದೆಯೇ ತಿಳಿಯುತ್ತದೆ, ಓದಲು ಕಲಿಯಬೇಕಾದದ್ದು ಕೈ ಮತ್ತು ಮುಖ. ಶತಮಾನಗಳ ಕಾಲ ಈ ಕಲೆಯನ್ನು ಹೊತ್ತು ತಂದ ಹೆಂಗಸರು ತಮ್ಮ ಬುದ್ಧಿಯನ್ನೆಲ್ಲ ಸುರಿದದ್ದೂ ಅಲ್ಲಿಯೇ.

ಮೊದಲು ಕಾಲಿನ ವಿಚಾರವನ್ನು ಬೇಗನೆ ಮುಗಿಸಿಬಿಡುತ್ತೇನೆ. ಶಾಸ್ತ್ರಕಾರರು ನರ್ತನವನ್ನು ನೃತ್ತ, ನೃತ್ಯ, ನಾಟ್ಯ ಎಂದು ಮೂರಾಗಿ ವಿಂಗಡಿಸುತ್ತಾರೆ. ನೃತ್ತವೆಂದರೆ ಅರ್ಥದ ಹಂಗಿಲ್ಲದ ಶುದ್ಧ ಚಲನೆ. ಅಲ್ಲಿ ಲಯವೇ ವಸ್ತು. ಮಂಡಿಗಳನ್ನು ಹೊರಕ್ಕೆ ಬಾಗಿಸಿದ ಅರೆಮಂಡಿಯಲ್ಲಿ ಕುಳಿತು ತಟ್ಟುವ ಅಡವುಗಳು ಅದರ ಇಟ್ಟಿಗೆಗಳು, ಅವುಗಳನ್ನು ಜೋಡಿಸಿ ಕಟ್ಟಿದ ಗೋಡೆಯೇ ಜತಿ. ಜತಿಯ ಕೊನೆಯಲ್ಲಿ ಬರುವ ಮುಕ್ತಾಯದ ಲೆಕ್ಕವನ್ನು ಒಮ್ಮೆ ತಿಳಿದುಕೊಂಡರೆ ನೋಡುವ ಸುಖ ಇಮ್ಮಡಿಯಾಗುತ್ತದೆ. ಆದಿತಾಳದ ಒಂದು ಆವರ್ತಕ್ಕೆ ಎಂಟು ಎಣಿಕೆ, ಎರಡನೆಯ ಕಾಲದಲ್ಲಿ, ಅಂದರೆ ಇಮ್ಮಡಿ ವೇಗದಲ್ಲಿ, ಅದು ಹದಿನಾರು ಅಕ್ಷರವಾಗುತ್ತದೆ. ‘ತ ದಿ ಗಿ ಣ ತೊಂ’ ಎಂಬ ಐದಕ್ಷರದ ಸೊಲ್ಲನ್ನು ಮೂರು ಬಾರಿ ಹೇಳಿದರೆ ಹದಿನೈದಾಗುವುದರಿಂದ, ನರ್ತಕಿ ಮೊದಲ ಅಕ್ಷರವನ್ನು ಖಾಲಿ ಬಿಟ್ಟು ಎರಡನೆಯದರಿಂದ ಹೊರಡುತ್ತಾಳೆ, ಮೂರನೆಯ ‘ತೊಂ’ ಮುಗಿದ ಮರುಕ್ಷಣದಲ್ಲೇ ತಾಳದ ಸಮ, ಅಂದರೆ ಮುಂದಿನ ಆವರ್ತದ ಮೊದಲ ಎಣಿಕೆ, ಬಂದು ಬೀಳುತ್ತದೆ. ಬಿಟ್ಟ ಆ ಒಂದು ಅಕ್ಷರದಲ್ಲಿ ಸಭೆ ಉಸಿರು ಹಿಡಿಯುತ್ತದೆ. ಪಕ್ಕದ ಅಜ್ಜಿಗೆ ಈ ಲೆಕ್ಕ ಗೊತ್ತಿರಲಿಲ್ಲವಾದರೂ ಅವರ ಬೆರಳಿಗೆ ಗೊತ್ತಿತ್ತು. ಸೋಬಾನೆ ಪದಕ್ಕೂ ಭಜನೆಗೂ ತಾಳ ಹಾಕಿ ಬೆಳೆದವರಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನೃತ್ಯದಲ್ಲಿ ಲಯಕ್ಕೆ ಅರ್ಥ ಕೂಡಿಕೊಳ್ಳುತ್ತದೆ, ಆ ಅರ್ಥವನ್ನು ತಲುಪಿಸುವ ಉಪಾಯಕ್ಕೆ ಅಭಿನಯವೆಂದು ಹೆಸರು. ‘ಅಭಿ’ ಎಂದರೆ ಎದುರಿಗೆ, ‘ನೀ’ ಎಂಬ ಧಾತುವಿಗೆ ಒಯ್ಯು ಎಂಬ ಅರ್ಥ. ನೋಡುವವರ ಎದುರಿಗೆ ಒಯ್ದು ಮುಟ್ಟಿಸುವುದೇ ಅಭಿನಯ. ಅಂಗಗಳಿಂದ ಮಾಡುವುದು ಆಂಗಿಕ, ಹಾಡಿನ ಮಾತು ವಾಚಿಕ, ವೇಷಭೂಷಣ ಆಹಾರ್ಯ, ಒಳಗಿನ ಭಾವದ ಒತ್ತಡಕ್ಕೆ ಮೈ ತಾನಾಗಿ ಕೊಡುವ ಕಂಪ, ಕಣ್ಣೀರು, ರೋಮಾಂಚನ ಮುಂತಾದ ಎಂಟು ಬಗೆಯ ಪ್ರತಿಕ್ರಿಯೆ ಸಾತ್ತ್ವಿಕ. ಹೆಸರುಗಳು ಭಾರವಾಗಿವೆಯೇ ಹೊರತು ವಿಷಯ ನಮ್ಮದೇ. ಸಂತೆಯಲ್ಲಿ ಬೆಲೆ ಕೇಳಿ ಹುಬ್ಬು ಏರಿಸುವ ಗೃಹಿಣಿ ಆಂಗಿಕವನ್ನೂ ಸಾತ್ತ್ವಿಕವನ್ನೂ ಒಟ್ಟಿಗೆ ಮಾಡಿರುತ್ತಾಳೆ.

ಹಸ್ತಗಳ ವಿಷಯಕ್ಕೆ ಬಂದರೆ, ಹೊಸಬರು ಸಾಮಾನ್ಯವಾಗಿ ಒಂದು ಕೈಯ ಭಂಗಿಗೆ ಒಂದು ಅರ್ಥವೆಂದು ತಿಳಿದಿರುತ್ತಾರೆ, ಗೊಂದಲ ಹುಟ್ಟುವುದು ಅಲ್ಲಿಂದಲೇ. ನಂದಿಕೇಶ್ವರನ ಅಭಿನಯದರ್ಪಣದಲ್ಲಿ ಒಂದೇ ಕೈಯಲ್ಲಿ ಹಿಡಿಯುವ ಅಸಂಯುತ ಹಸ್ತಗಳು 28 ಇವೆ. ಅವುಗಳಲ್ಲಿ ಮೊದಲನೆಯದಾದ ಪತಾಕವು ಬೆರಳುಗಳನ್ನೆಲ್ಲ ಒತ್ತಾಗಿ ಚಾಚಿ ಹೆಬ್ಬೆರಳನ್ನು ಮಡಚಿದ ಸರಳವಾದ ಅಂಗೈ. ಇದನ್ನು ನಾಟ್ಯದ ಆರಂಭಕ್ಕೆ, ಮೋಡಕ್ಕೆ, ಕಾಡಿಗೆ, ಬೇಡವೆನ್ನುವುದಕ್ಕೆ, ರಾತ್ರಿಗೆ, ನದಿಗೆ, ಕುದುರೆಗೆ, ಕತ್ತರಿಸುವುದಕ್ಕೆ, ಗಾಳಿಗೆ, ಮಲಗುವುದಕ್ಕೆ, ಬೆಳದಿಂಗಳಿಗೆ, ಸುಡುಬಿಸಿಲಿಗೆ ಬಳಸಬಹುದೆಂದು ವಿನಿಯೋಗ ಶ್ಲೋಕ ಹೇಳುತ್ತ ಹೋಗುತ್ತದೆ. ಒಂದೇ ಅಂಗೈ ಬೆಳದಿಂಗಳೂ ಆಗಿ ಬಿಸಿಲೂ ಆಗುವುದಾದರೆ ನೋಡುವವರು ತಿಳಿಯುವುದು ಹೇಗೆ? ಅಂಗೈ ಮಾತ್ರದಿಂದ ತಿಳಿಯುವುದಿಲ್ಲ, ತಿಳಿಯಬೇಕಾಗಿಯೂ ಇಲ್ಲ. ಹಸ್ತವೆಂಬುದು ಪದಕ್ಕಿಂತ ಹೆಚ್ಚಾಗಿ ಅಕ್ಷರದಂತೆ ಕೆಲಸ ಮಾಡುತ್ತದೆ. ‘ಕ’ ಎಂಬ ಅಕ್ಷರ ‘ಕಲ್ಲು’ವಿನಲ್ಲೂ ಇದೆ, ‘ಕಮಲ’ದಲ್ಲೂ ಇದೆ. ಅಂಗೈಯನ್ನು ಅಲೆಯಂತೆ ಓಡಿಸಿ ಕಣ್ಣು ಅದರ ಹಿಂದೆ ಹರಿದರೆ ಅದು ತುಂಗಭದ್ರೆ. ಅದೇ ಅಂಗೈಯನ್ನು ಮುಖಕ್ಕೆ ಮರೆಮಾಡಿ ಕಣ್ಣು ಕಿರಿದಾದರೆ ಅದು ಚಿತ್ರದುರ್ಗದ ಬಂಡೆಗಳ ಮೇಲಿನ ಏಪ್ರಿಲ್ ತಿಂಗಳ ಬಿಸಿಲು. ಕೈ ಹೋದತ್ತ ಕಣ್ಣು, ಕಣ್ಣು ಹೋದತ್ತ ಮನಸ್ಸು, ಮನಸ್ಸು ಇದ್ದಲ್ಲಿ ಭಾವ, ಭಾವವಿದ್ದಲ್ಲಿ ರಸ ಎಂದು ನೃತ್ಯಶಾಲೆಗಳಲ್ಲಿ ಮಕ್ಕಳಿಂದ ಬಾಯಿಪಾಠ ಮಾಡಿಸುವ ಶ್ಲೋಕದ ತಾತ್ಪರ್ಯವೂ ಇದೇ. ಹಾಗಾಗಿ ಹಸ್ತಗಳ ಪಟ್ಟಿಯನ್ನು ಉರುಹೊಡೆದು ಕಾರ್ಯಕ್ರಮಕ್ಕೆ ಹೋಗುವ ಅಗತ್ಯವಿಲ್ಲ, ನರ್ತಕಿಯ ಕಣ್ಣನ್ನು ಹಿಂಬಾಲಿಸಿದರೆ ಕೈ ತಾನಾಗಿ ಅರ್ಥವಾಗುತ್ತದೆ.

ಇದರ ಮುಂದಿನ ಮೆಟ್ಟಿಲು ಏಕಾಹಾರ್ಯ. ಒಬ್ಬಳೇ ನರ್ತಕಿ, ತೊಟ್ಟ ವೇಷವನ್ನು ಬದಲಿಸದೆ, ಕಥೆಯ ಎಲ್ಲ ಪಾತ್ರಗಳನ್ನೂ ತಾನೇ ಆಗುವ ಕ್ರಮಕ್ಕೆ ಈ ಹೆಸರು. ನಮ್ಮ ಚಿತ್ರದುರ್ಗ, ದಾವಣಗೆರೆ ಸೀಮೆಯಲ್ಲಿ ಎಲ್ಲರಿಗೂ ತಿಳಿದಿರುವ ಒನಕೆ ಓಬವ್ವನ ಪ್ರಸಂಗವನ್ನೇ ತೆಗೆದುಕೊಳ್ಳಬಹುದು. ಗಂಡನಿಗೆ ಊಟಕ್ಕಿಟ್ಟು ನೀರು ತರಲು ಹೋದ ಓಬವ್ವ ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುತ್ತಿರುವುದನ್ನು ಕಾಣುತ್ತಾಳೆ. ಸೊಂಟದ ಮೇಲೆ ಬಾಗಿದ ಎಡಗೈ ಕೊಡವನ್ನು ಹಿಡಿದಿದೆ; ಸದ್ದು ಕೇಳಿ ಹೆಜ್ಜೆ ನಿಲ್ಲುತ್ತದೆ, ಕತ್ತು ತಿರುಗುತ್ತದೆ, ಕಣ್ಣು ಬಲಗಡೆಯ ಕೆಳಮೂಲೆಯಲ್ಲಿ ಒಂದು ಬಿಂದುವನ್ನು ಹಿಡಿಯುತ್ತದೆ. ಆ ಕ್ಷಣಕ್ಕೆ ವೇದಿಕೆಯ ಬರಿಯ ಹಲಗೆಯ ಮೇಲೆ ಕಿಂಡಿ ತೆರೆಯಿತು. ನರ್ತಕಿ ಒಂದು ಸುತ್ತು ತಿರುಗಿ ಅದೇ ಜಾಗದಲ್ಲಿ ಮಂಡಿಯೂರಿ, ಭುಜ ಕುಗ್ಗಿಸಿ, ಎಡಗಡೆಯ ಮೇಲಕ್ಕೆ ನೋಡಿದಳೆಂದರೆ ಅವಳೀಗ ಕಿಂಡಿಯಿಂದ ತಲೆ ಹೊರಹಾಕುತ್ತಿರುವ ಸೈನಿಕ. ಮತ್ತೆ ಒಂದು ಸುತ್ತು. ಎರಡು ಮುಷ್ಟಿಗಳು ಒಂದರ ಮೇಲೊಂದು ಬಂದು ಒನಕೆಯನ್ನು ಹಿಡಿಯುತ್ತವೆ. ಇಲ್ಲಿ ಗಮನಿಸಬೇಕಾದದ್ದು ನೋಟದ ಗೆರೆ: ಓಬವ್ವ ಕೆಳಗೆ ನೋಡಿದ ಕೋನಕ್ಕೂ ಸೈನಿಕ ಮೇಲಕ್ಕೆ ನೋಡುವ ಕೋನಕ್ಕೂ ತಾಳೆಯಾಗಬೇಕು. ಅದು ಒಂದು ಗೇಣು ತಪ್ಪಿದರೂ ಪ್ರೇಕ್ಷಕರ ಕಣ್ಣಿನಲ್ಲಿ ಕಿಂಡಿ ಮುಚ್ಚಿಹೋಗುತ್ತದೆ. ಮಕ್ಕಳ ಕಾರ್ಯಕ್ರಮಗಳಲ್ಲಿ ಥರ್ಮೋಕೋಲಿನ ಬಂಡೆಯನ್ನೂ ನಿಜವಾದ ಒನಕೆಯನ್ನೂ ತಂದಿಡುವುದನ್ನು ಕಂಡಾಗ ನನಗೆ ಸ್ವಲ್ಪ ಬೇಸರವಾಗುವುದುಂಟು. ನಿಜವಾದ ಒನಕೆ ಬಂದೊಡನೆ ಮುಷ್ಟಿಗೆ ಹೇಳಲು ಏನೂ ಉಳಿಯುವುದಿಲ್ಲ.

ಅಭಿನಯದ ನಿಜವಾದ ಆಳವಿರುವುದು ಇಂತಹ ಘಟನೆಗಳಿಗಿಂತ ಹೆಚ್ಚಾಗಿ ಪದ ಮತ್ತು ಜಾವಳಿಗಳಲ್ಲಿ. ಇವು ಸಣ್ಣ ಹಾಡುಗಳು, ಸಾಮಾನ್ಯವಾಗಿ ಒಬ್ಬ ಹೆಣ್ಣು ತನ್ನ ಪ್ರಿಯನಿಗೋ ಸಖಿಗೋ ಆಡುವ ಮಾತುಗಳು. ಪದ ನಿಧಾನಗತಿಯದು, ಗಂಭೀರವಾದದ್ದು. ಜಾವಳಿ ಹಗುರ, ಚುರುಕು, ಕೊಂಚ ತುಂಟತನದ್ದು. ಹಾಡುಗಾರರು ಒಂದೇ ಸಾಲನ್ನು ಆರೇಳು ಬಾರಿ ಹಾಡುತ್ತಾರೆ, ಪ್ರತಿ ಬಾರಿಯೂ ನರ್ತಕಿ ಅದಕ್ಕೆ ಬೇರೆ ಅರ್ಥವನ್ನು ಹಚ್ಚುತ್ತಾಳೆ. ಹೀಗೆ ಸಾಲಿನ ಮಾತನ್ನು ಬಿಟ್ಟು ಅದರ ಸುತ್ತ ಅಲೆದು ಮತ್ತೆ ಸಾಲಿಗೇ ಮರಳುವುದಕ್ಕೆ ಸಂಚಾರಿ ಎನ್ನುತ್ತಾರೆ. ಯಾವ ಹಾಡನ್ನೂ ಉದ್ಧರಿಸದೆ ಇದನ್ನು ವಿವರಿಸುವುದಕ್ಕೆ ನಮ್ಮ ಮನೆಗಳ ಹೊಸ್ತಿಲಲ್ಲಿ ದಿನಕ್ಕೆ ನಾಲ್ಕು ಸಲ ಕೇಳುವ ಎರಡು ಮಾತುಗಳೇ ಸಾಕು: ‘ಈಗ ಬಂದೆಯಾ?’

ಶಾಸ್ತ್ರವು ಪ್ರೇಮದಲ್ಲಿರುವ ಹೆಣ್ಣಿನ ಅವಸ್ಥೆಗಳನ್ನು ಎಂಟಾಗಿ ಗುರುತಿಸಿ ಅಷ್ಟನಾಯಿಕೆಯರೆಂದು ಕರೆದಿದೆ. ಮನೆಯನ್ನೂ ತನ್ನನ್ನೂ ಸಿಂಗರಿಸಿಕೊಂಡು ಕಾದಿರುವ ವಾಸಕಸಜ್ಜಿಕೆ ‘ಈಗ ಬಂದೆಯಾ’ ಎಂದರೆ ಅದು ಬಾಗಿಲು ತೆರೆಯುವ ಮಾತು. ಎರಡನೆಯ ಮಾತಿನ ಮೇಲೆ ಮುಗುಳ್ನಗೆ ಹರಡಿರುತ್ತದೆ. ಬರುವುದು ತಡವಾಗಿ ತಳಮಳಿಸುವ ವಿರಹೋತ್ಕಂಠಿತೆಯ ಪಾಲಿಗೆ ಆ ಮಾತನ್ನು ಕೇಳಿಸಿಕೊಳ್ಳಲು ಯಾರೂ ಎದುರಿಗಿಲ್ಲ; ಗಾಳಿಗೆ ಅಲುಗಿದ ಅಗುಳಿಯ ಸದ್ದಿಗೆ ಅವಳು ಓಡಿಹೋಗಿ ಅರ್ಧ ಮಾತನ್ನಾಡಿ, ಬರಿಯ ಬೀದಿಯನ್ನು ಕಂಡು ಉಳಿದರ್ಧವನ್ನು ನುಂಗುತ್ತಾಳೆ. ಗಂಡನನ್ನು ಕೈಯಲ್ಲಿಟ್ಟುಕೊಂಡ ಸ್ವಾಧೀನಪತಿಕೆಗೆ ಅದು ಬರಿಯ ಕೀಟಲೆ. ದೇಶಾಂತರ ಹೋದವನನ್ನು ನೆನೆಯುವ ಪ್ರೋಷಿತಪತಿಕೆ ಅದನ್ನು ಕನಸಿನಲ್ಲಿ ಆಡುತ್ತಾಳೆ. ಕತ್ತಲಲ್ಲಿ ತಾನೇ ಎದ್ದು ಅವನಿದ್ದಲ್ಲಿಗೆ ಹೊರಟ ಅಭಿಸಾರಿಕೆಯ ಪ್ರಸಂಗದಲ್ಲಿ ಮಾತು ತಿರುವುಮುರುವಾಗಿ ಅವನದಾಗುತ್ತದೆ. ಸಂಕೇತಸ್ಥಾನದಲ್ಲಿ ಕಾದು ಮೋಸಹೋದ ವಿಪ್ರಲಬ್ಧೆಯೂ, ಜಗಳವಾಡಿ ಅಟ್ಟಿದ ಮೇಲೆ ಪಶ್ಚಾತ್ತಾಪಪಡುವ ಕಲಹಾಂತರಿತೆಯೂ ಅದನ್ನು ತಮ್ಮತಮ್ಮ ರೀತಿಯಲ್ಲಿ ಹೇಳಬಲ್ಲರು.

ಎಲ್ಲರಿಗಿಂತ ಹೆಚ್ಚು ಕೆಲಸವಿರುವುದು ಖಂಡಿತೆಗೆ. ಇರುಳೆಲ್ಲ ಬೇರೆಲ್ಲೋ ಕಳೆದು ಬೆಳಗಾದ ಮೇಲೆ ಬಂದು ನಿಂತವನನ್ನು ಎದುರಿಸುವವಳು ಇವಳು. ಹಾಡಿನ ಸಾಲು ಮೊದಲ ಬಾರಿ ಬಂದಾಗ ಅವಳು ಒತ್ತು ಕೊಡುವುದು ‘ಈಗ’ ಎಂಬುದಕ್ಕೆ. ಕೈ ಮುಳುಗಿದ ಚಂದ್ರನನ್ನೂ ಹುಟ್ಟುತ್ತಿರುವ ಸೂರ್ಯನನ್ನೂ ತೋರಿಸಿ ಹೊತ್ತಿನ ಲೆಕ್ಕ ಕೇಳುತ್ತದೆ. ಎರಡನೆಯ ಬಾರಿ ಒತ್ತು ‘ಬಂದೆ’ಯ ಮೇಲೆ ಬೀಳುತ್ತದೆ, ಬರಲೇಬೇಕಾದ ಜಾಗ ಇದೇನಾ, ದಾರಿ ತಪ್ಪಿ ಬಂದೆಯೋ ಏನೋ ಎಂದು ಬಾಗಿಲಿನ ಚೌಕಟ್ಟನ್ನು ತೋರಿಸುತ್ತಾಳೆ. ಮೂರನೆಯ ಬಾರಿ ಮಾತನ್ನೇ ಬಿಟ್ಟು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ: ನಿದ್ದೆಗೆಟ್ಟು ಕೆಂಪಾದ ಕಣ್ಣು, ತನ್ನದಲ್ಲದ ಕಾಡಿಗೆಯ ಗುರುತು, ಹೆಗಲಿನ ಮೇಲೆ ಯಾರದೋ ಮುಡಿಯಿಂದ ಉದುರಿದ ಮಲ್ಲಿಗೆಯ ಎಸಳು. ಆ ಎಸಳನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, ತನ್ನ ಜಡೆಯ ಹೂವಿನೊಂದಿಗೆ ಹೋಲಿಸಿ ನೋಡಿ, ಅವನ ಅಂಗೈಯಲ್ಲಿ ಜೋಪಾನವಾಗಿ ಇಡುತ್ತಾಳೆ. ನಾಲ್ಕನೆಯ ಬಾರಿ ನಗು. ಐದನೆಯ ಬಾರಿ, ಅವಳು ಒಳ್ಳೆಯ ನರ್ತಕಿಯಾಗಿದ್ದರೆ, ಏನೂ ಮಾಡುವುದಿಲ್ಲ. ಸಾಲು ಹಾಡಿನಲ್ಲಿ ಹರಿದುಹೋಗುತ್ತದೆ, ಕಣ್ಣಂಚಿನಲ್ಲಿ ಮಾತ್ರ ನೀರಿನ ಹೊಳಪು. ಇಷ್ಟು ಹೊತ್ತೂ ಎದುರಿಗಿರುವ ಗಂಡಸನ್ನು ನಾವು ಕಂಡೇ ಇಲ್ಲ. ಅವಳ ನೋಟದ ಎತ್ತರದಿಂದ ಅವನ ಎತ್ತರವನ್ನೂ, ಅವಳ ವ್ಯಂಗ್ಯದಿಂದ ಅವನ ಸುಳ್ಳನ್ನೂ ನಾವೇ ಊಹಿಸಿಕೊಂಡಿದ್ದೇವೆ.

ಇದನ್ನು ಮೈಸೂರು ಬಾನಿಯ ಕಲಾವಿದೆಯರು ತಮ್ಮ ಹೆಗ್ಗುರುತಾಗಿ ಬೆಳೆಸಿದರು. ಬಾನಿ ಎಂದರೆ ಗುರುಪರಂಪರೆಯ ಶೈಲಿ. ತಂಜಾವೂರಿನ ನಾಲ್ವರು ಸಹೋದರರು, ಅಂದರೆ ಚಿನ್ನಯ್ಯ, ಪೊನ್ನಯ್ಯ, ಶಿವಾನಂದಂ, ವಡಿವೇಲು, ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂದಿನ ನೃತ್ಯ ಕಛೇರಿಯ ಕ್ರಮವನ್ನು ರೂಪಿಸಿದರು. ಹಿರಿಯನಾದ ಚಿನ್ನಯ್ಯ ಮೈಸೂರಿಗೆ ಬಂದು ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯ ಪಡೆದ. ತಮಿಳು ಸೀಮೆಯಲ್ಲಿ ಕುಣಿಯುವವರು ಹೆಂಗಸರಾದರೂ ಕಲಿಸುವ ನಟ್ಟುವನಾರರು ಬಹುಪಾಲು ಗಂಡಸರೇ ಆಗಿದ್ದರೆ, ಮೈಸೂರಿನಲ್ಲಿ ಜಟ್ಟಿ ತಾಯಮ್ಮ (1857–1947) ಎಂಬ ಆಸ್ಥಾನ ನರ್ತಕಿ ತಾನೇ ಗುರುವಾಗಿ ನಿಂತರು. ಅವರ ತಂದೆ ಅರಮನೆಯ ಜಟ್ಟಿ. ಗರಡಿಮನೆಗಳಿಗೆ ಹೆಸರಾದ ದಾವಣಗೆರೆಯ ಜನಕ್ಕೆ ಪೈಲ್ವಾನನ ಮಗಳು ಹುಬ್ಬಿನ ಒಂದು ಕೊಂಕಿನಿಂದ ಸಭೆಯನ್ನು ಗೆದ್ದಳೆಂಬುದು ಇಷ್ಟವಾಗಬೇಕಾದ ಸಂಗತಿ.

ತಾಯಮ್ಮನವರ ಶಿಷ್ಯೆ ಕೆ. ವೆಂಕಟಲಕ್ಷಮ್ಮನವರ ಕಥೆ ನಮಗೆ ಇನ್ನೂ ಹತ್ತಿರದ್ದು. ಅವರು 1906ರಲ್ಲಿ ಕಡೂರಿನ ಬಳಿಯ ತಂಗಲಿ ತಾಂಡ್ಯದಲ್ಲಿ ಲಂಬಾಣಿ ಕುಟುಂಬವೊಂದರಲ್ಲಿ ಹುಟ್ಟಿದವರು. ಸಂತ ಸೇವಾಲಾಲರ ಜನ್ಮಸ್ಥಳವೆಂದು ಲಂಬಾಣಿಗರು ನಡೆದುಕೊಳ್ಳುವ ಸೂರಗೊಂಡನಕೊಪ್ಪ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿಯೇ ಇದೆ, ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ತಾಂಡಾಗಳು ಹರಡಿಕೊಂಡಿವೆ. ಅಂತಹ ಒಂದು ತಾಂಡಾದಿಂದ ಹೋದ ಹುಡುಗಿ ಎಂಟನೆಯ ವಯಸ್ಸಿನಲ್ಲಿ ತಾಯಮ್ಮನವರಲ್ಲಿ ಕಲಿಯಲು ಸೇರಿ, ಹನ್ನೆರಡನೆಯ ವಯಸ್ಸಿನಲ್ಲಿ ರಂಗವೇರಿ, 1939ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಂದ ಆಸ್ಥಾನ ವಿದುಷಿಯೆನ್ನಿಸಿಕೊಂಡರು. ಸಂಸ್ಕೃತವನ್ನೂ ಸಂಗೀತವನ್ನೂ ಕಲಿತು, ಜಯದೇವನ ಅಷ್ಟಪದಿಗಳಿಗೂ ಅಮರುಶತಕವೆಂಬ ಸಂಸ್ಕೃತ ಪ್ರೇಮಕಾವ್ಯದ ಶ್ಲೋಕಗಳಿಗೂ ಅಭಿನಯಿಸಿದರು. 1965ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯವನ್ನು ಬೋಧಿಸಲು ಸೇರಿದರು, 1992ರಲ್ಲಿ ಪದ್ಮಭೂಷಣ ಪಡೆದರು, 2002ರಲ್ಲಿ ತೀರಿಕೊಂಡರು. ಕುಳಿತಲ್ಲಿಯೇ, ಹಸ್ತವನ್ನು ಎದೆಯ ಮಟ್ಟಕ್ಕಿಂತ ಹೆಚ್ಚು ಚಾಚದೆ, ಒಂದೇ ಸಾಲನ್ನು ಹತ್ತಾರು ಬಗೆಯಲ್ಲಿ ಬಿಡಿಸುವ ಅಭಿನಯಕ್ಕೆ ಅವರು ಹೆಸರಾಗಿದ್ದರು. ಕುಳಿತು ಮಾಡುವುದು ವಯಸ್ಸಿನ ರಿಯಾಯಿತಿಯೆಂದು ಕೆಲವರು ತಿಳಿಯುತ್ತಾರೆ. ಅದು ಚಿಕ್ಕ ದರ್ಬಾರಿನಲ್ಲಿ, ಹುಬ್ಬಿನ ಚಲನೆಯೂ ಕಾಣುವಷ್ಟು ಹತ್ತಿರದಲ್ಲಿ ಕುಳಿತ ರಸಿಕರಿಗಾಗಿ ರೂಪುಗೊಂಡ ಕ್ರಮ.

ಈ ಹೆಂಗಸರು ಇದನ್ನು ಎಲ್ಲಿಂದ ಪಡೆದರೆಂದು ಕೇಳಿದರೆ ದೇವಾಲಯದ ಅಂಗಳಕ್ಕೆ ಹೋಗಬೇಕಾಗುತ್ತದೆ. ಕನ್ನಡ ಶಾಸನಗಳಲ್ಲಿ ದೇವರ ‘ಅಂಗಭೋಗ ರಂಗಭೋಗ’ಕ್ಕೆಂದು ಭೂಮಿ ಬಿಟ್ಟ ಉಲ್ಲೇಖಗಳು ಮತ್ತೆಮತ್ತೆ ಬರುತ್ತವೆ, ರಂಗಭೋಗವೆಂದರೆ ದೇವರ ಮುಂದಿನ ಹಾಡು, ಕುಣಿತ, ವಾದ್ಯ. ಕುಣಿಯುವವಳಿಗೆ ಅಲ್ಲಿ ‘ಪಾತ್ರ’ವೆಂಬ ಹೆಸರು. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಹೊತ್ತಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಮಂಟಪದಲ್ಲಿ, ಕಡೆದ ಕಂಬಗಳ ನಡುವೆ ನಿಂತು ನೋಡಿದರೆ, ನೃತ್ಯಕ್ಕೆ ಬೇಕಾದ ಅಳತೆ ಎಷ್ಟೆಂಬುದು ಅರಿವಾಗುತ್ತದೆ: ಒಬ್ಬಳು ಕುಣಿಯುವಷ್ಟು ಜಾಗ, ಅವಳ ಮುಖ ಕಾಣುವಷ್ಟು ದೂರ. ನೂರಾರು ಕುರ್ಚಿಗಳ ಸಭಾಂಗಣ ಈ ಕಲೆಯ ಹುಟ್ಟಿದ ಮನೆಯಲ್ಲ.

ಆ ಪಾತ್ರದವರ ಮುಂದಿನ ಪೀಳಿಗೆಗಳಿಗೆ ದೇವದಾಸಿಯರೆಂಬ ಹೆಸರು ನಿಂತಿತು. ಕಲೆಯೊಂದಿಗೆ ಶೋಷಣೆಯೂ ಬೆಳೆದು ಬಂತು, ಎರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ. ಮೈಸೂರು ಸರ್ಕಾರ 1909ರಲ್ಲಿ ಮುಜರಾಯಿ ದೇವಾಲಯಗಳಲ್ಲಿ ದೇವದಾಸಿಯರ ಸೇವೆಯನ್ನು ನಿಲ್ಲಿಸಿತು. ಅಂದು ಮೈಸೂರು ಸಂಸ್ಥಾನದಲ್ಲಿದ್ದ ಚಿತ್ರದುರ್ಗ ಜಿಲ್ಲೆಗೂ ಅದು ಅನ್ವಯಿಸಿತು, ಇಂದಿನ ದಾವಣಗೆರೆ ಜಿಲ್ಲೆ ಮುಖ್ಯವಾಗಿ ಅದರಿಂದಲೇ 1997ರಲ್ಲಿ ಬೇರೆಯಾದದ್ದು. ಮದ್ರಾಸಿನಲ್ಲಿ ನಿಷೇಧದ ಕಾಯ್ದೆ 1947ರಲ್ಲಿ ಬಂತು, ಕರ್ನಾಟಕದಲ್ಲಿ 1982ರಲ್ಲಿ ಬಂತು. ಈ ನಡುವೆ, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನಂತಹ ವಿದುಷಿಯರು ತಮ್ಮವರ ವಿದ್ಯೆಯನ್ನೂ ಆಸ್ತಿಯ ಹಕ್ಕನ್ನೂ ಉಳಿಸಿಕೊಳ್ಳಲು ವಾದಿಸಿದರು. ಅದೇ ಕಾಲಕ್ಕೆ ‘ಸದಿರ್’ ಎಂಬ ಹಳೆಯ ಹೆಸರು ಸರಿದು ‘ಭರತನಾಟ್ಯ’ ಎಂಬುದು ಬಳಕೆಗೆ ಬಂತು. ರುಕ್ಮಿಣಿದೇವಿ 1935ರಲ್ಲಿ ಮೊದಲ ಬಾರಿಗೆ ವೇದಿಕೆಯ ಮೇಲೆ ಕುಣಿದು, ಮರುವರ್ಷ ಮದ್ರಾಸಿನಲ್ಲಿ ಕಲಾಕ್ಷೇತ್ರವೆಂಬ ಕಲಾಶಾಲೆಯನ್ನು ಆರಂಭಿಸಿದಾಗ ಮೇಲ್ವರ್ಗದ ಮನೆಗಳ ಹೆಣ್ಣುಮಕ್ಕಳಿಗೆ ದಾರಿ ತೆರೆಯಿತು. ಶೃಂಗಾರದ ಬದಲು ಭಕ್ತಿಗೆ ಅಲ್ಲಿ ಮೊದಲ ಮಣೆ ಸಿಕ್ಕಿತು. ಶೃಂಗಾರದಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲವೆಂದು ವಂಶಪಾರಂಪರ್ಯದ ಕಲಾವಿದೆ ಬಾಲಸರಸ್ವತಿ ಕೊನೆಯವರೆಗೂ ವಾದಿಸಿದರು. ನನ್ನ ಒಲವು ಬಾಲಸರಸ್ವತಿಯವರ ಕಡೆಗೆ; ಖಂಡಿತೆಯನ್ನು ತೆಗೆದುಹಾಕಿದರೆ ಅಭಿನಯದ ಅರ್ಧ ವ್ಯಾಕರಣವೇ ಹೋಗುತ್ತದೆ.

ಈ ಇತಿಹಾಸದ ಒಂದು ಗಾಯ ನಮ್ಮ ಮಾತಿನಲ್ಲಿ ಇನ್ನೂ ಉಳಿದಿದೆ. ನೃತ್ಯಶಾಲೆಗಳು ಮಗು ಮೊದಲ ಬಾರಿ ಗೆಜ್ಜೆ ಕಟ್ಟುವ ಸಮಾರಂಭವನ್ನು ‘ಗೆಜ್ಜೆಪೂಜೆ’ ಎಂದು ಆಹ್ವಾನಪತ್ರಿಕೆಯಲ್ಲಿ ಅಚ್ಚುಹಾಕಿಸುತ್ತವೆ. ಹಿಂದೆ ಅದೇ ಮಾತು ಹುಡುಗಿಯನ್ನು ದೇವದಾಸಿ ವೃತ್ತಿಗೆ ಸೇರಿಸುವ ವಿಧಿಯ ಹೆಸರಾಗಿತ್ತು. ಮೊಮ್ಮಗಳ ಆಹ್ವಾನಪತ್ರಿಕೆಯನ್ನು ಕೈಯಲ್ಲಿ ಹಿಡಿದ ಅಜ್ಜಿಯ ಮುಖ ಒಂದು ಕ್ಷಣ ಕಪ್ಪಿಡುವುದನ್ನು ನಾನು ಕಂಡಿದ್ದೇನೆ. ಮಗುವಿನ ಅಮ್ಮನಿಗೆ ಅದರ ಕಾರಣ ಗೊತ್ತಿರಲಿಲ್ಲ.

ಇಂದು ಜಿಲ್ಲಾ ಕೇಂದ್ರಗಳಲ್ಲಿ ಕಲಿಕೆ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಸುತ್ತ ನಡೆಯುತ್ತದೆ. ಪರೀಕ್ಷೆಯಿಂದ ಅಡವಿನ ಶುದ್ಧಿಯೂ ತಾಳದ ಜ್ಞಾನವೂ ಬೆಳೆದಿವೆ ಎಂಬುದನ್ನು ಒಪ್ಪಬೇಕು. ಸಂಚಾರಿಗೆ ಮಾತ್ರ ಅಂಕ ಹಾಕುವುದು ಕಷ್ಟ, ಆದ್ದರಿಂದ ಗುರು ಕಟ್ಟಿಕೊಟ್ಟ ಸಂಚಾರಿಯನ್ನೇ ಮಕ್ಕಳು ಬಾಯಿಪಾಠದಂತೆ ಒಪ್ಪಿಸುತ್ತಾರೆ. ಇದಕ್ಕೆ ಮತ್ತೊಂದು ಕಾರಣ ಪೆನ್‌ಡ್ರೈವ್. ಹಿಮ್ಮೇಳದವರನ್ನು ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಕರೆಸುವ ಖರ್ಚು ಎಲ್ಲರಿಗೂ ನಿಭಾಯಿಸುವುದಿಲ್ಲವಾದ್ದರಿಂದ ಧ್ವನಿಮುದ್ರಿತ ಹಾಡಿಗೆ ಕುಣಿಯುವುದು ರೂಢಿಯಾಗಿದೆ. ಮುದ್ರಣದಲ್ಲಿ ಸಾಲು ನಾಲ್ಕು ಬಾರಿ ಬಂದರೆ ನಾಲ್ಕೇ ಬಾರಿ. ನರ್ತಕಿಗೆ ಐದನೆಯ ಅರ್ಥ ಹೊಳೆದರೂ ಅದನ್ನು ಇಡಲು ಜಾಗವಿರುವುದಿಲ್ಲ, ಹೊಳೆಯದಿದ್ದರೆ ನಾಲ್ಕನೆಯದನ್ನು ಹೇಗಾದರೂ ತುಂಬಿಸಬೇಕಾಗುತ್ತದೆ. ಎದುರಿಗೆ ಹಾಡುವವರಿದ್ದರೆ ಅವರ ಕಣ್ಣು ನರ್ತಕಿಯ ಮೇಲಿರುತ್ತದೆ. ಅವಳು ಇನ್ನೂ ಹೇಳುವುದಿದೆಯೆಂದು ಕಂಡರೆ ಸಾಲನ್ನು ಮತ್ತೆ ಎತ್ತುತ್ತಾರೆ.

ದಾವಣಗೆರೆಯ ಆ ಸಂಜೆ ಹಿಮ್ಮೇಳದವರು ವೇದಿಕೆಯ ಪಕ್ಕದಲ್ಲಿಯೇ ಕುಳಿತಿದ್ದರು. ಅಜ್ಜಿಯ ಪ್ರಶ್ನೆಗೆ ನಾನು ‘ಗಂಡ ತಡವಾಗಿ ಬಂದಿದ್ದಾನೆ’ ಎಂದು ಪಿಸುಗುಟ್ಟಿದ್ದೆ, ಅಷ್ಟೇ. ಗಾಯಕಿ ಸಾಲನ್ನು ಇನ್ನೊಮ್ಮೆ ಎತ್ತಿಕೊಂಡರು. ಹುಡುಗಿ ಎದುರಿಗಿಲ್ಲದ ಗಂಡಸಿಗೆ ಕುರ್ಚಿ ಎಳೆದು ಹಾಕಿ, ಬಹಳ ಮರ್ಯಾದೆಯಿಂದ ಕೂರಿಸಿ, ಬೀಸಣಿಗೆಯಿಂದ ಗಾಳಿ ಬೀಸತೊಡಗಿದಳು. ಬೀಸುತ್ತ ಬೀಸುತ್ತ ಕಣ್ಣು ಮಾತ್ರ ಅವನ ಹೆಗಲಿನ ಮೇಲೆ ನಿಂತಿತು. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕು, “ತಡ ಅಲ್ಲವ್ವಾ, ಬ್ಯಾರೆ ಕಡೆಗೆ ಹೋಗಿ ಬಂದಾನ ಅವ” ಎಂದು ನನ್ನನ್ನೇ ತಿದ್ದಿದರು.